ದಾರಿಯಲ್ಲಿ ಲಾರಿಯ ಏರ್ ಪೈಪ್ ಸೋರಿದರೆ

ಶಿರಾಡಿ ಘಾಟಿಯಂತಹ ದಾರಿಯಲ್ಲಿ ಬ್ರೇಕ್ ಮುಂತಾದವಕ್ಕೆ ಗಾಳಿ ಒಯ್ಯುವ ಏರ್ ಪೈಪ್ ಸೋರತೊಡಗಿದರೆ, ಗಾಳಿಯ ಒತ್ತಡ ತೋರಿಸುವ ಗೇಜಿನ ಮುಳ್ಳು ಕೆಳಗಿಳಿಯುವ ಮೊದಲೇ ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಡಿ. ಸೋರುವ ಜಾಗ ಕಿವಿಗೆ ಸಿಗದಿದ್ದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆ. ನೈಲಾನ್ ಪೈಪ್ ಚಾಸಿಗೆ ಉಜ್ಜಿ ಸವೆದಿರುವುದೇ ಹೆಚ್ಚು.

ಎಂಜಿನ್ ನಿಲ್ಲಿಸಿ, ಟ್ಯಾಂಕಿನ ಗಾಳಿಯನ್ನು ಪೂರ್ತಿ ಹೊರಬಿಟ್ಟ ಮೇಲೆ ಸವೆದ ಭಾಗವನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಪೈಪ್ ತುದಿಗಳನ್ನು ಕೂಡಿಸುವ, ಅದೇ ಅಳತೆಯ ಜಾಯಿಂಟರ್‌ಗೆ ಎರಡೂ ತುದಿಗಳನ್ನು ತಡೆಯುವವರೆಗೆ ಒತ್ತಿ, ಒಮ್ಮೆ ಎಳೆದು ನೋಡಬೇಕು. ಓರೆಯಾಗಿ ಕತ್ತರಿಸಿದರೆ ಒಳಗಿನ ರಬ್ಬರ್ ರಿಂಗ್ ಸರಿಯಾಗಿ ಹಿಡಿಯುವುದಿಲ್ಲ. 6, 8, 10, 12 ಮಿ.ಮೀ. ಪೈಪ್‌ಗಳ ಪೈಕಿ ನಿಮ್ಮ ಲಾರಿಯಲ್ಲಿರುವವಕ್ಕೆ ಎರಡೆರಡು ಜಾಯಿಂಟರ್ ಮತ್ತು ಒಂದು ಮೀಟರ್ ಪೈಪ್ ಟೂಲ್ ಬಾಕ್ಸಿನಲ್ಲಿ ಸದಾ ಇರಲಿ.

ಸುಮಾರು 8 ಬಾರ್ ಒತ್ತಡದ ಮುಂದೆ ಟೇಪಾಗಲಿ, ಹಳೆಯ ಟ್ಯೂಬಿನ ಪಟ್ಟಿಯಾಗಲಿ ನಿಲ್ಲುವುದಿಲ್ಲ. ಬ್ರೇಕಿಗೆ ಹೋಗುವ ಪೈಪನ್ನು ಮಡಚಿ ಕಟ್ಟಿ ಹೊರಡುವುದಂತೂ ಬೇಡವೇ ಬೇಡ, ಏಕೆಂದರೆ ಆ ಚಕ್ರಕ್ಕೆ ಬ್ರೇಕೇ ಸಿಗದು.

ಪೈಪ್ ಜೋಡಿಸಿ, ಎಂಜಿನ್ ಓಡಿಸಿ ಟ್ಯಾಂಕಿಗೆ ಗಾಳಿ ತುಂಬಿದ ಬಳಿಕ ಎಂಜಿನ್ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದು ಕೆಲವು ನಿಮಿಷ ಗೇಜನ್ನು ಗಮನಿಸಿ. ಮುಳ್ಳು ಇಳಿಯುತ್ತಲೇ ಇದ್ದರೆ ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸಿ. ನಿಂತರೆ ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಹೋಗಿ ಪೈಪನ್ನೇ ಬದಲಿಸಿ.