ಹೊಸಬರಿಗೆ ಮಾರ್ಗದರ್ಶಿ: ಮೆಲ್ಬೋರ್ನ್‌ನ ಬಾಡಿಗೆ ಮನೆಯಲ್ಲಿ ತರಕಾರಿ

ಇಂಡಿಯನ್ ಅಂಗಡಿಯಲ್ಲಿ ಒಂದು ಹಿಡಿ ಕರಿಬೇವಿನ ಬೆಲೆ ನೋಡಿ ಮನಸ್ಸಲ್ಲೇ ರೂಪಾಯಿಗೆ ಗುಣಿಸಿದ ದಿನ ಎಲ್ಲರಿಗೂ ಹಿತ್ತಲು ನೆನಪಾಗುತ್ತೆ. ಬೆಳೆಯಿರಿ, ಸಂತೋಷ. ಸಲಿಕೆ ಹಿಡಿಯುವ ಮೊದಲು ಇದನ್ನು ಓದಿ.

ಮೊದಲು ಒಪ್ಪಿಗೆ

ನಮ್ಮ ಮೊದಲ ಮನೆ ಟಾರ್ನೀಟ್‌ನಲ್ಲಿ. ಬಾಡಿಗೆ ಕೊಡ್ತೀವಲ್ಲ, ಹಿತ್ತಲು ನಮ್ಮದೇ ತಾನೆ ಅಂತ ಒಂದು ಶನಿವಾರ ಲಾನ್ ಅಗೆದು ಎರಡು ಮಡಿ ಮಾಡಿದೆವು. ಊರಲ್ಲಾಗಿದ್ದರೆ ಓನರ್ ಆಂಟಿ ಬಂದು "ನನಗೂ ನಾಲ್ಕು ಬದನೆಕಾಯಿ ಇಟ್ಟಿರಮ್ಮ" ಅಂತಿದ್ರು. ಇಲ್ಲಿ ಇನ್‌ಸ್ಪೆಕ್ಷನ್‌ಗೆ ಬಂದ ಏಜೆಂಟ್ ತುಟಿ ಪಿಟಕ್ಕೆನ್ನದೆ ಫೋಟೊ ತೆಗೆದುಕೊಂಡು ಹೋದರು. ಮನೆ ಬಿಡುವಾಗ ಹೊಸ ಹುಲ್ಲು ಹಾಸಿಸುವ ಖರ್ಚು ಬಾಂಡ್‌ನಿಂದ, ಅಂದರೆ ನಾವು ಕೊಟ್ಟ ಅಡ್ವಾನ್ಸ್‌ನಿಂದ, ಹೋಯಿತು. ಆ ವರ್ಷ ತಿಂದ ಬದನೆಕಾಯಿ ಒಂದೊಂದಕ್ಕೆ ಎಷ್ಟು ಬಿತ್ತು ಅಂತ ನಮ್ಮ ಮನೆಯವರು ಇನ್ನೂ ಲೆಕ್ಕ ಹೇಳ್ತಾರೆ.

2021ರ ಮಾರ್ಚ್‌ನಿಂದ, ಮೆಲ್ಬೋರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ತರಕಾರಿ ಮಡಿ ಮಾಡಲು ಬಾಡಿಗೆದಾರರು ಕೇಳಿದರೆ, ಸರಿಯಾದ ಕಾರಣವಿಲ್ಲದೆ ಮಾಲೀಕರು ಬೇಡ ಅನ್ನುವಂತಿಲ್ಲ. ಆದರೆ ಕೇಳಲೇಬೇಕು, ಇಮೇಲ್‌ನಲ್ಲೇ ಕೇಳಬೇಕು. ಫೋನಿನಲ್ಲಿ "ನೋ ವರೀಸ್" ಅಂದದ್ದನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ಬಿಡುವಾಗ ಮೊದಲಿದ್ದಂತೆ ಮಾಡಿಕೊಡಬೇಕು. "ಹಾಗೇ ಬಿಟ್ಟುಹೋಗಿ" ಅಂದರೆ ಅದನ್ನೂ ಬರಹದಲ್ಲಿ ತೆಗೆದುಕೊಳ್ಳಿ. ಕೀಲಿ ಕೈಗೆ ಬಂದ ದಿನವೇ ಹಿತ್ತಲಿನ ಮೂಲೆಮೂಲೆಯ ಫೋಟೊ ತೆಗೆದಿಡಿ. ದೇವರ ಮುಂದೆ ಹಾಲುಕ್ಕಿಸುವುದು ಆಮೇಲೆ.

ಇಷ್ಟೆಲ್ಲ ರಗಳೆ ಬೇಡವಾದರೆ ಕುಂಡ, ಗ್ರೋ ಬ್ಯಾಗ್. ಅವನ್ನೂ ಹುಲ್ಲಿನ ಮೇಲೆ ಇಟ್ಟು ಮರೆಯಬೇಡಿ, ಕೆಳಗಿನ ಹುಲ್ಲು ಸಾಯುತ್ತೆ. ಕಾಂಕ್ರೀಟ್ ಮೇಲಾದರೆ ಕುಂಡದ ಕೆಳಗೆ ತಟ್ಟೆ ಇಡಿ, ಕಲೆಗೂ ದುಡ್ಡು ಹಿಡಿಯುತ್ತಾರೆ.

ಬಿಸಿಲು

ಮನೆ ನೋಡಲು ಹೋದಾಗ ನಮ್ಮವರೆಲ್ಲ ಬಾಗಿಲು ಪೂರ್ವಕ್ಕಿದೆಯಾ ಅಂತ ನೋಡುತ್ತಾರೆ. ಹಿತ್ತಲು ಉತ್ತರಕ್ಕಿದೆಯಾ ಅಂತ ನೋಡಿ. ಇಲ್ಲಿ ಸೂರ್ಯ ಉತ್ತರದ ಕಡೆ ವಾಲಿಕೊಂಡೇ ಸಾಗುತ್ತಾನೆ. ಜೂನ್‌ನಲ್ಲಿ ನಡುಮಧ್ಯಾಹ್ನವೂ ದಿಗಂತದಿಂದ ಸುಮಾರು 29 ಡಿಗ್ರಿ ಕೋನಕ್ಕಿಂತ ಮೇಲೇರುವುದಿಲ್ಲ. ಮನೆಯ ದಕ್ಷಿಣದ ಗೋಡೆ ಪಕ್ಕ ನಾನಿಟ್ಟ ಮೆಂತ್ಯ ಚಳಿಗಾಲ ಪೂರ್ತಿ ಎರಡೆಲೆಯಲ್ಲೇ ನಿಂತಿತ್ತು.

ಯಾವಾಗ ಏನು

ಯುಗಾದಿಗೆ ಇಲ್ಲಿ ಎಲೆ ಉದುರುವ ಕಾಲ. ಊರಿನ ಪಂಚಾಂಗ ಪೂಜೆಗಿರಲಿ.

ಮಾರ್ಚ್‌ನಿಂದ ಮೇ: ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿ, ಬೆಳ್ಳುಳ್ಳಿ.
ಸೆಪ್ಟೆಂಬರ್: ಟೊಮೆಟೊ, ಬದನೆ, ಮೆಣಸಿನಕಾಯಿ ಸಸಿ, ಮನೆಯೊಳಗೆ ಕಿಟಕಿ ಪಕ್ಕ.
ನವೆಂಬರ್: ಹೊರಗೆ ಟೊಮೆಟೊ, ಬೆಂಡೆ, ಹೀರೆ, ಸೌತೆ, ದಂಟು.

ಟೊಮೆಟೊ ಸಸಿ ಹೊರಗೆ ನೆಡಲು ಇಲ್ಲಿಯವರ ಲೆಕ್ಕ ಮೆಲ್ಬೋರ್ನ್ ಕಪ್ ಕುದುರೆ ರೇಸಿನ ದಿನ, ಅಂದರೆ ನವೆಂಬರ್‌ನ ಮೊದಲ ಮಂಗಳವಾರ. ನಮ್ಮ ಲೆಕ್ಕಕ್ಕೆ ದೀಪಾವಳಿ ಆಸುಪಾಸು. ಸೆಪ್ಟೆಂಬರ್‌ನಲ್ಲಿ ಮೂರು ದಿನ ಬಿಸಿಲು ಕಾದರೆ ನಂಬಬೇಡಿ. ಜನವರಿಯಲ್ಲಿ 40 ಡಿಗ್ರಿ ಆಗಿ ಉತ್ತರದ ಬಿಸಿಗಾಳಿ ಬೀಸಿದ ದಿನ ಕುಂಡಗಳನ್ನು ನೆರಳಿಗೆ ಎಳೆಯಿರಿ.

ಮಣ್ಣು

ಪಶ್ಚಿಮದ ಬಡಾವಣೆಗಳಲ್ಲಿ ಬಸಾಲ್ಟ್ ಕಲ್ಲಿನ ಮೇಲಿನ ಜಿಗುಟು ಮಣ್ಣು. ನಮ್ಮ ಎರೆಮಣ್ಣಿನ ದಾಯಾದಿ. ಗದಗ, ಧಾರವಾಡದವರಿಗೆ ವಿವರಿಸಬೇಕಿಲ್ಲ: ಮಳೆಗೆ ಅಂಟು, ಬೇಸಿಗೆಗೆ ಬಿರುಕು. ಚೀಲದ ಪಾಟಿಂಗ್ ಮಿಕ್ಸ್ (ಕುಂಡಕ್ಕೆ ತುಂಬುವ ತಯಾರಿ ಮಣ್ಣು) ತರುವವರು ಮಾಸ್ಕ್, ಗ್ಲೌಸ್ ಹಾಕಿ, ಮುಖ ದೂರವಿಟ್ಟು ಚೀಲ ಬಿಚ್ಚಿ. ಅದರಲ್ಲಿ ಶ್ವಾಸಕೋಶಕ್ಕೆ ತಗಲುವ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಬರಿಗೈಲಿ ಕಲಸುವ ನಮ್ಮ ಅಭ್ಯಾಸ ಇಲ್ಲಿ ಬೇಡ.

ಊರಿನ ಬೀಜ

ತರಬೇಡಿ. ಅಪ್ಪ-ಅಮ್ಮನನ್ನು ಕರೆಸುವವರಂತೂ ಎರಡೆರಡು ಸಲ ಹೇಳಿ. ಸಾರಿನ ಪುಡಿ ಡಬ್ಬಿಯೊಳಗೆ ಅವರೆ ಬೀಜ ಸುತ್ತಿಡುವ ಪ್ರೀತಿ ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಏನಿದ್ದರೂ ಬರುವಾಗ ತುಂಬುವ ಘೋಷಣೆ ಕಾರ್ಡಿನಲ್ಲಿ 'ಹೌದು' ಅಂತ ಬರೆಯಲಿ. ಹೇಳಿದವರ ಬೀಜ ಹೋದೀತು. ಮುಚ್ಚಿಟ್ಟವರಿಗೆ ದಂಡ, ಕೆಲವೊಮ್ಮೆ ವೀಸಾಕ್ಕೂ ಕುತ್ತು. ಅಂದಹಾಗೆ ನಮ್ಮ ಅವರೆಯನ್ನು ಕ್ವೀನ್ಸ್‌ಲ್ಯಾಂಡ್ ಕಡೆ ಲ್ಯಾಬ್‌ಲ್ಯಾಬ್ ಅನ್ನುವ ಹೆಸರಲ್ಲಿ ದನದ ಮೇವಿಗೆ ಬೆಳೆಯುತ್ತಾರೆ! ಆ ಮೇವಿನ ಬೀಜಕ್ಕೆ ಔಷಧಿ ಸವರಿರಬಹುದು, ಬೇಯಿಸಿ ತಿನ್ನಬೇಡಿ.

ಉಳಿದವು

ಪೈಪಿಗೆ ಟ್ರಿಗರ್ ನಾಜಲ್ (ಒತ್ತಿದರಷ್ಟೇ ನೀರು ಬಿಡುವ ಮೂತಿ) ಕಡ್ಡಾಯ.
ಪಾಸಮ್ (ರಾತ್ರಿ ಓಡಾಡುವ, ಮರ ಹತ್ತುವ ಇಲ್ಲಿನ ಪ್ರಾಣಿ) ಸೊಪ್ಪು ತಿಂದರೂ ಹಿಡಿಯಬೇಡಿ, ಕಾನೂನಿನ ರಕ್ಷಣೆ ಇದೆ.
ಹಣ್ಣಿನ ಗಿಡಕ್ಕೆ ಬಲೆ ಹಾಕಿದರೆ ಕಣ್ಣು 5 ಮಿಲಿಮೀಟರ್ ಮೀರಬಾರದು.
ನುಗ್ಗೆ: ಆಸೆ ಬಿಡಿ.
ಕರಿಬೇವು: ಕುಂಡದಲ್ಲಿ, ಚಳಿಗಾಲಕ್ಕೆ ಒಳಗೆ, ನೀರು ಕಡಿಮೆ. ಮರಿ ಬೇಕಾದವರು ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಕೇಳಿ. ಹೋದ ವರ್ಷ ಒಯ್ದವರು ದಯವಿಟ್ಟು ಕುಂಡ ವಾಪಸ್ ತನ್ನಿ.