ಹಳೆಯ ಪೋಲೊ ಜಿಟಿ ಕೊಳ್ಳುತ್ತೀರಾ? ಗೇರ್‌ಬಾಕ್ಸ್‌ನಿಂದ ಶುರು ಮಾಡಿ

ಫೋಕ್ಸ್‌ವ್ಯಾಗನ್ ಪೋಲೊ ನಮ್ಮ ದೇಶದಲ್ಲಿ 2022ರಲ್ಲಿ ನಿಂತುಹೋಯಿತು. ಆದರೂ ಓಡಿಸುವ ಖುಷಿಗಾಗಿ ಸಣ್ಣ ಕಾರು ಹುಡುಕುವವರು ಇಂದಿಗೂ ಮೊದಲು ಕೇಳುವುದು ಅದರ ಜಿಟಿ ಟಿಎಸ್‌ಐಯನ್ನೇ. ಗಟ್ಟಿ ಬಾಡಿ, ಹೈವೇಯಲ್ಲಿ ನೆಟ್ಟಗೆ ನಿಲ್ಲುವ ನಡೆ, ಕಾಲಿಟ್ಟರೆ ಮುನ್ನುಗ್ಗುವ ಪಿಕಪ್. ಇಂಥ ಕಾರನ್ನು ಹಿಂದಿನ ಓನರ್ ಕೂಡ ಜೋರಾಗಿಯೇ ಓಡಿಸಿರುತ್ತಾರೆ, ಅಲ್ವಾ? ಹಾಗಾಗಿ ಸಾಧಾರಣ ಫ್ಯಾಮಿಲಿ ಕಾರಿಗಿಂತ ಇಲ್ಲಿ ಜಾಸ್ತಿ ನೋಡಬೇಕು.

ಯಾವ ಜಿಟಿ?

2013ರಲ್ಲಿ ಬಂದ ಜಿಟಿ ಟಿಎಸ್‌ಐಯಲ್ಲಿ 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಇತ್ತು. ಪವರ್ 105 ಪಿಎಸ್, ಜೊತೆಗೆ 7 ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ ಇರುವ ಆಟೊಮ್ಯಾಟಿಕ್. 2020ರಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಎಂಜಿನ್ 1.0 ಲೀಟರ್‌ಗೆ ಇಳಿಯಿತು, ಪವರ್ ಮಾತ್ರ 110 ಪಿಎಸ್‌ಗೆ ಏರಿತು. ಡಿಎಸ್‌ಜಿ ಜಾಗಕ್ಕೆ 6 ಗೇರಿನ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಬಂತು; ಇದರಲ್ಲಿ ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವುದು ಎಣ್ಣೆ. ಡೀಸೆಲ್ ಬೇಕೆನ್ನುವವರಿಗೆ ಜಿಟಿ ಟಿಡಿಐ ಇದೆ: ಮ್ಯಾನ್ಯುಯಲ್ ಗೇರು, 250 ಎನ್‌ಎಂ ಟಾರ್ಕ್. ಅದರ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತು ಎಂದು ಬಿಲ್ ಸಮೇತ ಕೇಳಿ.

ನನ್ನ ಮಾತು ನೇರವಾಗಿದೆ. ದಿನಾ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್ ದಾಟಿ ಆಫೀಸಿಗೆ ಹೋಗುವವರು 2020ರ ನಂತರದ ಕಾರನ್ನೇ ಹುಡುಕಿ. ಹಳೆಯ ಡಿಎಸ್‌ಜಿ ಓಡಿಸಲು ಬಹಳ ಚೆನ್ನ. ಗೇರು ಬದಲಾಗಿದ್ದೇ ಗೊತ್ತಾಗುವುದಿಲ್ಲ. ಆದರೆ ಅದರೊಳಗಿರುವುದು ಎರಡು ಡ್ರೈ ಕ್ಲಚ್. ಅವನ್ನು ತಂಪಾಗಿಡಲು ಎಣ್ಣೆ ಇಲ್ಲ. ಟ್ರಾಫಿಕ್‌ನಲ್ಲಿ ಅಡಿ ಅಡಿ ಸರಿಯುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಡುತ್ತಲೇ ಇರುತ್ತದೆ, ಕಾದು ಸವೆಯುತ್ತದೆ. ಗೇರು ಹಾಕುವ ಕೆಲಸ ಮಾಡುವ ಮೆಕಾಟ್ರಾನಿಕ್ ಎಂಬ ಘಟಕ ಕೆಟ್ಟರಂತೂ ರಿಪೇರಿ ಖರ್ಚು ದೊಡ್ಡದು.

ಎಂಜಿನ್ ತಣ್ಣಗಿರುವಾಗ ಹೋಗಿ

ಮಾರುವವರಿಗೆ ಮೊದಲೇ ಹೇಳಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ಇನ್ನೊಂದು ಬೆಳಿಗ್ಗೆ ಬನ್ನಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಎಂಜಿನ್ನಿನ ಕಟಕಟ ಸದ್ದು, ಸೈಲೆನ್ಸರ್‌ನ ನೀಲಿ ಹೊಗೆ ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ.

ಡಿಎಸ್‌ಜಿ ಕಾರಾದರೆ ಡಿ ಗೇರಿಗೆ ಹಾಕಿ, ಬ್ರೇಕ್ ಮೆಲ್ಲಗೆ ಬಿಡಿ. ಕಾರು ನಯವಾಗಿ ಮುಂದೆ ಸರಿಯಬೇಕು. ಒಂದರಿಂದ ಎರಡಕ್ಕೆ ಹೋಗುವಾಗ ನಡುಗಿದರೆ ಕ್ಲಚ್ ಸವೆದಿರುವ ಸಾಧ್ಯತೆ ಜಾಸ್ತಿ. ಸಣ್ಣ ಏರಿನಲ್ಲಿ ರಿವರ್ಸ್ ಹಾಕಿ ನೋಡಿ. ಆಮೇಲೆ ಅರ್ಧ ಗಂಟೆಯಾದರೂ ಟ್ರಾಫಿಕ್‌ನಲ್ಲೇ ಓಡಿಸಿ. ಖಾಲಿ ರಿಂಗ್ ರೋಡಿನಲ್ಲಿ ಓಡಿಸಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮೀಟರ್‌ನಲ್ಲಿ ಗೇರಿನ ಗುರುತು ಮಿನುಗಿದರೆ ಅಲ್ಲಿಗೆ ಮಾತು ಮುಗಿಸಿ.

ಮುಂದಿನದು ಸ್ಕ್ಯಾನರ್. ಈ ಕಾರುಗಳನ್ನೇ ನೋಡುವ ಗ್ಯಾರೇಜಿಗೆ ಒಯ್ದು ರಾಂಪ್ ಮೇಲೆ ಎತ್ತಿಸಿ, ಕಂಪ್ಯೂಟರ್ ಹಾಕಿಸಿ. ಹಳೆಯ ಫಾಲ್ಟ್ ಕೋಡ್‌ಗಳು ಸಿಗುತ್ತವೆ. ಮೀಟರ್ ಹಿಂದಕ್ಕೆ ತಿರುಗಿಸಿದ್ದರೂ ಬೇರೆ ಕಂಟ್ರೋಲ್ ಯೂನಿಟ್‌ನಲ್ಲಿ ನಿಜವಾದ ಕಿಲೋಮೀಟರ್ ಉಳಿದಿರುವುದುಂಟು. ಇಂಥ ತಪಾಸಣೆಗೆ ಒಪ್ಪದ ಮಾಲೀಕರಿಂದ ಕಾರು ಕೊಳ್ಳಬೇಡಿ.

ಜಿಟಿಗಳಲ್ಲಿ ರೀಮ್ಯಾಪ್ ಮಾಡಿಸಿದ ಕಾರುಗಳು ಬಹಳ. ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸುತ್ತಾರೆ. ಅದರ ಭಾರ ಬೀಳುವುದು ಕ್ಲಚ್ ಮೇಲೆ, ಟರ್ಬೊ ಮೇಲೆ. ಮುಂದೆ ಇನ್ಶೂರೆನ್ಸ್ ಕ್ಲೇಮ್‌ಗೂ ತಕರಾರು ಬರಬಹುದು. ಏನೂ ಬದಲಿಸದ, ಸ್ಟಾಕ್ ಕಾರು ಸಿಗುವ ತನಕ ಕಾಯುವುದು ಒಳ್ಳೆಯದು.

ಇನ್ನು ನೀರು. 2022ರ ಸೆಪ್ಟೆಂಬರ್ ಮಳೆಗೆ ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆ ಎಷ್ಟೋ ಕಾರುಗಳು ಮುಳುಗಿದವು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಕಲೆ ಇದೆಯೇ ನೋಡಿ. ಸ್ಟೆಪ್ನಿ ಎತ್ತಿ ಕೆಳಗೆ ತುಕ್ಕು ನೋಡಿ, ಕಾರ್ಪೆಟ್ ಮೂಸಿ. ಟೈರಿನ ಮೇಲೆ 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಗೆರೆಗಳು ಎಷ್ಟೇ ಆಳವಿದ್ದರೂ ಅಷ್ಟು ಹಳೆಯ ಟೈರಿನ ಮೇಲೆ ವೇಗವಾಗಿ ಹೋಗಬಾರದು. ನಾಲ್ಕು ಹೊಸ ಟೈರಿನ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ.

ಕಾಗದ ಪತ್ರ

ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಕಾರಿನ ನಂಬರ್ ಹಾಕಿ ಎಷ್ಟನೇ ಓನರ್, ಸಾಲ ಬಾಕಿ ಇದೆಯೇ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯೇ ನೋಡಿ. ಟ್ರಾಫಿಕ್ ದಂಡವನ್ನು ಮಾರುವವರೇ ಕಟ್ಟಲಿ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಕಾರಿನ ಮೇಲಿನ ಸಾಲ ಮುಗಿಯಿತೆಂದು ತಿಳಿಸುವ ಫಾರ್ಮ್ 35 ಕೈಗೆ ಬರುವ ಮುಂಚೆ ಪೂರ್ತಿ ಹಣ ಕೊಡಬೇಡಿ. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30 ಬೇಕು. ದೆಹಲಿ ಕಡೆಯ ಕಾರು ಅಗ್ಗ ಎನಿಸಿದರೆ ಆರ್‌ಟಿಒ ಎನ್‌ಒಸಿ, ಇಲ್ಲಿನ ಹೊಸ ನಂಬರ್, ಕರ್ನಾಟಕದ ಲೈಫ್ ಟ್ಯಾಕ್ಸ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ಉಳಿತಾಯ ಅಲ್ಲೇ ಕರಗಬಹುದು.

ಇನ್ಶೂರೆನ್ಸನ್ನು ಕಾರು ಕೈಗೆ ಬಂದ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೆಯ ಓನರ್‌ನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಅವರಿಗೇ ಸೇರಿದ್ದು, ನಿಮಗೆ ಬರುವುದಿಲ್ಲ. ಆ ವ್ಯತ್ಯಾಸದ ಪ್ರೀಮಿಯಂ ಕಟ್ಟಲು ಸ್ವಲ್ಪ ಹಣ ಬೇರೆ ಇಟ್ಟುಕೊಂಡಿರಿ.