ಇಂಗ್ಲಿಷ್‌ನಲ್ಲಿ ದೊಡ್ಡಕ್ಷರ ಎಲ್ಲೆಲ್ಲಿ ಬೇಕು?

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಹಾಗಾಗಿ ರಜೆ ಅರ್ಜಿಯನ್ನೋ ಹೋಂಸ್ಟೇ ಬೋರ್ಡನ್ನೋ ಇಂಗ್ಲಿಷ್‌ನಲ್ಲಿ ಬರೆಯಲು ಕುಳಿತಾಗ, ಮುಖ್ಯವೆನಿಸಿದ ಪದಕ್ಕೆಲ್ಲ ಕ್ಯಾಪಿಟಲ್ ಹಾಕಿಬಿಡುತ್ತೇವೆ. ದೊಡ್ಡಕ್ಷರಕ್ಕೂ ಮುಖ್ಯತ್ವಕ್ಕೂ ನಂಟು ಕಡಿಮೆ. ಅದು ಹೆಸರಿನ ಗುರುತು.

ಮೊದಲ ಹೆಜ್ಜೆ ಸುಲಭ: ಪ್ರತಿ ವಾಕ್ಯದ ಮೊದಲ ಅಕ್ಷರ ದೊಡ್ಡದು. 'ನಾನು' ಎಂಬರ್ಥದ 'ಐ' ವಾಕ್ಯದಲ್ಲಿ ಎಲ್ಲಿದ್ದರೂ ದೊಡ್ಡದು.

ಎರಡನೆಯದರಲ್ಲೇ ಹೆಚ್ಚಿನವರು ಎಡವುವುದು. ಶಾಲೆಯ ವ್ಯಾಕರಣದಲ್ಲಿ ಕಲಿತ ರೂಢನಾಮ (ನದಿ, ಊರು), ಅಂಕಿತನಾಮ (ಕಾವೇರಿ, ಮಡಿಕೇರಿ) ಇವನ್ನು ನೆನಪಿಸಿಕೊಳ್ಳಿ. ಅಂಕಿತನಾಮಕ್ಕೆ ಮಾತ್ರ ದೊಡ್ಡಕ್ಷರ. 'ಕಾವೇರಿ ರಿವರ್' ಎಂದು ಬರೆದರೆ ಎರಡೂ ಪದ ಸೇರಿ ಒಂದು ಹೆಸರು, ಎರಡಕ್ಕೂ ಕ್ಯಾಪಿಟಲ್. ಮುಂದಿನ ವಾಕ್ಯದಲ್ಲಿ 'ದ ರಿವರ್' ಎಂದಾಗ ಕಾವೇರಿಯ ಮಾತೇ ಆದರೂ 'ರಿವರ್' ಚಿಕ್ಕದು. ಹಾಗೆಯೇ ಕೊಡಗಿನ ಬೆಟ್ಟ ತಡಿಯಂಡಮೋಳ್‌ನ ಹೆಸರು ದೊಡ್ಡಕ್ಷರದಲ್ಲಿ, ಬರೀ 'ದ ಪೀಕ್' ಎಂದಾಗ 'ಪೀಕ್' ಚಿಕ್ಕದರಲ್ಲಿ. ಪದವಿಗೂ ಇದೇ ನಿಯಮ: 'ಜನರಲ್ ತಿಮ್ಮಯ್ಯ' ಎಂದಾಗ 'ಜನರಲ್' ಹೆಸರಿನ ಭಾಗ, 'ಅವರೊಬ್ಬ ಜನರಲ್' ಎಂದಾಗ ಅಲ್ಲ. ಚಿಕ್ಕದಾಗಿ ಬರೆದ ಮಾತ್ರಕ್ಕೆ ಗೌರವವೇನೂ ಕುಂದುವುದಿಲ್ಲ.

ನಮ್ಮ ಕಾಫಿಯನ್ನೇ ನೋಡಿ. ವಾಕ್ಯದ ನಡುವೆ ಬರುವ 'ಕಾಫಿ' ಚಿಕ್ಕದು, ಎಷ್ಟೇ ಎಕರೆ ಇರಲಿ. ಸಸ್ಯಶಾಸ್ತ್ರದ 'ಕಾಫಿಯಾ ಅರೇಬಿಕಾ'ದಲ್ಲಿ ಮೊದಲ ಪದ ದೊಡ್ಡದು, ಎರಡನೆಯದು ಚಿಕ್ಕದು. ಆದರೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ 'ಕೂರ್ಗ್ ಅರೇಬಿಕಾ ಕಾಫಿ' ನೋಂದಾಯಿತ ಹೆಸರು. ಅಲ್ಲಿ ಮೂರಕ್ಕೂ ದೊಡ್ಡಕ್ಷರ. ಪ್ಯಾಕೆಟ್ ಮೇಲೆ ಮುದ್ರಿಸುವವರು ಇದನ್ನು ದಯವಿಟ್ಟು ಗಮನಿಸಬೇಕು.

ಮೂರನೆಯದು ವಾರ, ತಿಂಗಳು, ಹಬ್ಬ, ಭಾಷೆ, ಸಮುದಾಯ. ಇವೆಲ್ಲಕ್ಕೂ ದೊಡ್ಡಕ್ಷರ: ಸಂಡೇ, ಜೂನ್, ಹುತ್ತರಿ, ಕನ್ನಡ, ಕೊಡವ. ಋತುಗಳಿಗೆ ಇಲ್ಲ. ಜೂನ್ ದೊಡ್ಡದು, ಅದರೊಂದಿಗೆ ಬರುವ ಮಾನ್ಸೂನ್ ಚಿಕ್ಕದು. ದಿಕ್ಕುಗಳೂ ಚಿಕ್ಕವೇ. ವಿರಾಜಪೇಟೆ ಮಡಿಕೇರಿಯ ದಕ್ಷಿಣಕ್ಕಿದೆ ಎನ್ನುವಾಗ 'ಸೌತ್' ಚಿಕ್ಕದು, 'ಸೌತ್ ಇಂಡಿಯಾ' ಎಂಬ ಪ್ರದೇಶದ ಹೆಸರಿನಲ್ಲಿ ದೊಡ್ಡದು.

ಪತ್ರದಲ್ಲಿ 'ಡಿಯರ್ ಸರ್' ಎರಡೂ ದೊಡ್ಡಕ್ಷರದಿಂದ ಶುರುವಾಗುತ್ತವೆ. ಕೊನೆಯ 'ಯುವರ್ಸ್ ಫೇಯ್ತ್‌ಫುಲಿ'ಯಲ್ಲಿ ಮೊದಲ ಪದ ಮಾತ್ರ. ಶೀರ್ಷಿಕೆಯ ಪದಗಳನ್ನು ದೊಡ್ಡಕ್ಷರದಿಂದ ಶುರುಮಾಡುವವರೂ 'ಆಫ್', 'ಇನ್', 'ದ' ಇವನ್ನು ಚಿಕ್ಕದಾಗಿಯೇ ಬಿಡುತ್ತಾರೆ. ಶೀರ್ಷಿಕೆಯ ಮೊದಲ ಪದವಾದರೆ ಮಾತ್ರ ದೊಡ್ಡದು.

ಬೋರ್ಡಿನಲ್ಲಿ ಮನೆಯ ಹೆಸರನ್ನು ಪೂರ್ತಿ ಕ್ಯಾಪಿಟಲ್‌ನಲ್ಲಿ ಬರೆದರೆ ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ಆದರೆ ಅತಿಥಿಗಳಿಗೆ ಕೊಡುವ ಸೂಚನೆಗಳನ್ನೂ ಹಾಗೆಯೇ ಬರೆಯಬೇಡಿ. ಉದ್ದದ ಬರಹವೆಲ್ಲ ಕ್ಯಾಪಿಟಲ್‌ನಲ್ಲಿದ್ದರೆ ಓದು ನಿಧಾನವಾಗುತ್ತದೆ, ಗದರಿಸಿದಂತೆಯೂ ಕೇಳಿಸುತ್ತದೆ.